ಕಡೇ ಸಾಲಿಗೆ ಕೇಳದ ಹಾಗೆ

ಮಾರ್ಚ್ ೨, ಮಧ್ಯಾಹ್ನ

ಮತ್ತೆ ಅದೇ ಪಾಡು. ಕಿಟಕಿ ಮುಚ್ಚಿದರೆ ಬಾಣಲೆ, ತೆರೆದರೆ ಬೈಗುಳ! ನಾಟಕದ ಹಾಲಿನ ಪಡುವಣ ಗೋಡೆ ಬಿಸಿಲು ಕುಡಿದು ನಿಗಿನಿಗಿ. ಮೂರನೇ ಅಂಕ. ನಾನು — ಹೆಣ್ಣಾದರೂ ಈ ಕಂಪನಿಯ ಖಾಯಂ ರಾಜ — "ಎಲವೋ ದ್ರೋಹಿ!" ಎಂದು ಗರ್ಜಿಸಿದೆ. ಓಣಿಯಾಚೆ ಮನೆಯಿಂದ ನರ್ಸಮ್ಮನ ಉತ್ತರ:

"ದ್ರೋಹಿ ನೀವೇ ಕಣ್ರೀ! ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದು ಮಲಗಿದೀನಿ. ನಿಮ್ಮ ಯುದ್ಧ ನನ್ನ ದಿಂಬಿನ ಮೇಲೇ ನಡೀಬೇಕಾ?"

ಕಿಟಕಿ ಮುಚ್ಚಿಸಿದೆ. ರಾಣಿ ಪಾರ್ಟು ಮಾಡುವ ತಮ್ಮನ ಹೆಂಡತಿ ಸೆಕೆಗೆ ನಿಜವಾಗಿಯೇ ಮೂರ್ಛೆ ಹೋದಳು. ತಮ್ಮ ಚಪ್ಪಾಳೆ ತಟ್ಟಿದ — ನಟನೆಯೆಂದುಕೊಂಡು. ಮುಠ್ಠಾಳ.

ಮಾರ್ಚ್ ೩

ಕಟ್ಟಡದ ಮಾಲೀಕರು ಬಂದರು. ಹೊಸ್ತಿಲು ದಾಟಲಿಲ್ಲ. "ಅಕ್ಕಾ, ನಿಮ್ಮ ತಂದೆಯವರ ಕಾಲದಿಂದ ಇದೀರಿ, ಅದಕ್ಕೆ ಇಷ್ಟು ಸಮಾಧಾನ. ತಿಂಗಳು ಮುಗಿದ ಮೇಲೂ ಆಯಮ್ಮ ನನ್ನ ಹತ್ರ ದೂರು ತಂದ್ರೆ, ಬೀಗ ನನ್ನದು."

ಬೀಗವೇ! ನಾನಿರುವ ತನಕ? ತಕ್ಷಣ ಮೇಸ್ತ್ರಿಗೆ ಫೋನ್. ಈ ಗೋಡೆ ಬಿಸಿಲನ್ನು ಒಳಗೆ ಬಿಡಬಾರದು, ನನ್ನ ದನಿಯನ್ನು ಹೊರಗೆ ಬಿಡಬಾರದು. ಎರಡೂ ಒಂದೇ ಹೊದಿಕೆಯಲ್ಲಿ. ಮಾಡಿಸಿಯೇ ತೀರುತ್ತೇನೆ.

ಮಾರ್ಚ್ ೬, ಸಂಜೆ

ಮೇಸ್ತ್ರಿ ಮೂರು ಸ್ಯಾಂಪಲ್ ತಂದ. ಮೊದಲು ಥರ್ಮೊಕೋಲ್. ಹಗುರ, ಬಿಳಿ, ಸುಂದರಾಂಗ. ತಮ್ಮ ಕುಣಿದಾಡಿದ: "ಇದೇ ಇರ್ಲಿ ಅಕ್ಕಾ! ನಮ್ಮ ಗದೆ, ಕಿರೀಟ, ಬೆಟ್ಟ ಎಲ್ಲಾ ಇದರದ್ದೇ. ಮನೆಮಗ ಇದ್ದ ಹಾಗೆ."

ನನಗೂ ಹೌದೆನಿಸಿತು. ತೆರೆದ ಕಿಟಕಿಗೆ ಹಲಗೆ ತುಂಬಿಸಿದೆ. ಕಿವಿ ಕೊಡಲು ನರ್ಸಮ್ಮನನ್ನೇ ಒಪ್ಪಿಸಿದ್ದೆ. ಹೊಡೆದೆ ಡೈಲಾಗು. ನಡುವೆ ಒಂದು ಸಾಲು ಮರೆಯಿತು. ಓಣಿಯಾಚೆಯಿಂದ — "'ಈ ಖಡ್ಗದ ದಾಹ ಇನ್ನೂ ತೀರಿಲ್ಲ.' ಅದಲ್ವಾ ಮುಂದಿನದು?"

ನಮ್ಮ ಪ್ರಾಂಪ್ಟರ್ ಕೂಡ ಅಷ್ಟು ಬೇಗ ಹೇಳಿಕೊಟ್ಟವನಲ್ಲ. ಅವಮಾನ!

ಮಾರ್ಚ್ ೭

ತಮ್ಮ ಪಟ್ಟು ಬಿಡ. "ಬಿಸಿಲಿಗಾದ್ರೂ ಇದೇ ಹಾಕೋಣ. ಸದ್ದಿಗೆ ಬೇರೇನೋ ಮಾಡಿದ್ರಾಯ್ತು."

ಪೆಟ್ಟಿಗೆಯಿಂದ ನನ್ನ ಹಳೇ ಕಿರೀಟ ತೆಗೆದು ಮುಂದಿಟ್ಟೆ. ಲೈಟಿನ ಕಾವಿಗೆ ಕರಗಿ ಕಿವಿಯ ಮೇಲಿಳಿದಿದ್ದ ಕಿರೀಟ. "ನಿನ್ನ ಲೈಟೆಲ್ಲಾ ಈ ಗೋಡೆಗೇ ಅಲ್ವೇನೋ ತೂಗೋದು? ಕಿಡಿ ಬಿದ್ರೆ?" ಹಲಗೆ ಎತ್ತಿ ಬಾಗಿಲಾಚೆ ಇಟ್ಟ.

ಗ್ಲಾಸ್‌ವುಲ್. ಗಾಜಿನ ಎಳೆಯ ಹತ್ತಿ. ಬೆಂಕಿಗೆ ಜಗ್ಗದು, ಬಿಸಿಲಿಗೂ ಸರಿ. ಆದರೆ ಮೇಸ್ತ್ರಿ ತಂದ ಸುರುಳಿ ತೀರಾ ಮೆದು. ನಿಲ್ಲಿಸಿದರೆ ಕುಡುಕನಂತೆ ಸೊಂಟ ಮುರಿದು ಕೂರುತ್ತದೆ. ಕೆಳಗೆ ಕುಸಿದು ಮೇಲೆ ಬಯಲಾದರೆ ಹೊದಿಸಿ ಏನು ಬಂತು?

ರಾಕ್‌ವುಲ್ ಹಲಗೆ. ಕಲ್ಲು ಕರಗಿಸಿ ಎಳೆದ ನಾರಂತೆ. ಭಾರ. ನವೆ. ಕೆಸರಿನ ಬಣ್ಣ. ಕಿಟಕಿಗೆ ತುಂಬಿ, ಗಂಟಲು ಹರಿಯುವಂತೆ ಕೂಗಿದೆ... ನರ್ಸಮ್ಮನ ಫೋನ್: "ಶುರು ಮಾಡ್ರೀ, ಎಷ್ಟೊತ್ತು ಕಾಯ್ಲಿ?"

ಆಯ್ಕೆ ಮುಗಿಯಿತು!

"ದುಬಾರಿ ಆಗ್ತದಲ್ಲಮ್ಮಾ," ಅಂದ ಮೇಸ್ತ್ರಿ.

"ಆಗ್ಲಿ. ಈ ವರ್ಷ ರಾಜ ಹರಿದ ಶಾಲಲ್ಲೇ ಆಳ್ತಾನೆ."

ಮಾರ್ಚ್ ೨೨

ಕೆಲಸ ಮುಗಿಯಿತು. ಮೈಯೆಲ್ಲ ತುರಿಕೆ. ಕಿಟಕಿಯನ್ನೂ ಸೇರಿಸಿ ಇಡೀ ಗೋಡೆಗೆ ಹೊದಿಕೆ. ಗಾಳಿಗೆ ಮೂಡಣ ಬಾಗಿಲಿದೆ. ಅಪ್ಪ ಕೊರೆದ ಕಿಂಡಿಯನ್ನು ಮಾತ್ರ ಉಳಿಸಿಕೊಂಡೆ. ಟಿಕೆಟ್ಟಿಗೆ ಓಣಿಯಲ್ಲಿ ಸಾಲು ನಿಂತಿದೆಯೋ ಎಂದು ಇಣುಕುವ ಕಿಂಡಿ. ಮರದ ಬಿರಡೆ ಕಿತ್ತು ಒಮ್ಮೆ ಇಣುಕದೆ ನಮ್ಮಲ್ಲಿ ಯಾರೂ ಬಣ್ಣ ಹಚ್ಚಿದ್ದಿಲ್ಲ. ಕಿತ್ತ ಬಿರಡೆಯನ್ನು ಆಟ ಮುಗಿಯುವ ತನಕ ಹಾಕುವಂತೆಯೂ ಇಲ್ಲ.

ಮಾರ್ಚ್ ೨೪

ಬಣ್ಣ ಹಚ್ಚಿ ಪೂರ್ತಿ ರಿಹರ್ಸಲ್. ಹಾಲು ತಂಪು! ಎಲ್ಲರ ಮುಖದಲ್ಲೂ ಕಳೆ. ಮೂರನೇ ಅಂಕಕ್ಕೆ ನರ್ಸಮ್ಮ ಬಾಗಿಲಲ್ಲಿ: "ಅಕ್ಷರ ಅಕ್ಷರವೂ ಕೇಳ್ತಿದೆ! ಗೋಡೆಗೆ ಏನ್ ಹೊದಿಸಿದ್ರಿ, ಸೊಳ್ಳೆಪರದೆನಾ?"

ಮೇಸ್ತ್ರಿ ಬಂದು ಸಂದು ಸಂದಿಗೂ ಕೈಯಾಡಿಸಿದ. ಎಲ್ಲ ಬಿಗಿ. ಆಮೇಲೆ ಎಲ್ಲರೂ ಮೆಲ್ಲಗೆ ಒಂದೇ ಕಡೆ ನೋಡಿದರು. ಬಾಯ್ತೆರೆದ ಕಿಂಡಿ. ಅದಕ್ಕೆ ಮುಖಮಾಡಿ ನಿಂತೇ ನಾನು ಗರ್ಜಿಸುವುದು — ಹುಡುಗಿಯಾಗಿದ್ದಾಗಿನಿಂದ.

ಮಾರ್ಚ್ ೨೫, ಬೆಳಗ್ಗೆ

"ಬಿರಡೆ ಹಾಕಿಟ್ರೆ ಸಾಲ್ದಾ ಅಕ್ಕಾ? ಅಪ್ಪನ ಕಿಂಡಿ..."

ಬಿರಡೆ ಇದ್ದರೆ ಯಾರಾದರೂ ಕೀಳುತ್ತಾರೆ. ಮೊದಲು ನಾನೇ.

ಅಪ್ಪ ಹೇಳುತ್ತಿದ್ದರು: ಕಡೇ ಸಾಲಿಗೆ ಕೇಳದ ಮಾತು ಆಡಿದ ಮಾತೇ ಅಲ್ಲ. ನಿಜ. ಆದರೆ ಕಡೇ ಸಾಲು ಗೋಡೆಯ ಒಳಗಿದೆ, ಅಪ್ಪಾ.

ಕೊನೆಯ ಸಲ ಇಣುಕಿದೆ. ಖಾಲಿ ಓಣಿ. ನರ್ಸಮ್ಮನ ಬಾಗಿಲಲ್ಲಿ ಆಗಷ್ಟೇ ಬಿಟ್ಟ ಚಪ್ಪಲಿ, ಒಂದು ಮಗುಚಿ ಬಿದ್ದಿತ್ತು. ರಾಕ್‌ವುಲ್ ಚೂರು ಕಿಂಡಿಯೊಳಗೆ ನಾನೇ ಗಿಡಿದೆ. ಗಾರೆಯೂ ನಾನೇ. ಯಾರಿಗೂ ಮುಟ್ಟಗೊಡಲಿಲ್ಲ.

ಮಾರ್ಚ್ ೨೮, ಮಧ್ಯಾಹ್ನ, ಇಂಟರ್ವಲ್

ಇವತ್ತು ಆಟ. ಇಣುಕದೆ ಬಣ್ಣ ಹಚ್ಚಿದೆವು. ದನಿಯೇನೂ ಕುಗ್ಗಲಿಲ್ಲ. ಮೂರನೇ ಅಂಕ ಸಿಡಿಲು! ಫೋನಿಲ್ಲ. ಬೈಗುಳವಿಲ್ಲ. ಅಂಕ ಮುಗಿಯಿತು... ಬಾಗಿಲು ಬಡಿದ ಸದ್ದು. ನರ್ಸಮ್ಮ! ಕೆದರಿದ ತಲೆ, ಕೆನ್ನೆಯ ಮೇಲೆ ದಿಂಬಿನ ಗೆರೆ. ತಮ್ಮನ ಮುಖ ಬಿಳಿಚಿತು.

"ಕೇಳಿಸ್ತಾ?" ಅಂದೆ.

"ಏನೂ ಇಲ್ಲ. ಕೊರಡಿನ ಹಾಗೆ ಮಲಗಿದ್ದೆ." ಬಾಗಿಲಲ್ಲೇ ಹಿಂಜರಿದರು. "ಎದ್ದ ಮೇಲೆ ಒಂದೇ ಯೋಚನೆ. ಆ ರಾಣಿ ವಿಷ ಕುಡೀತಾಳೋ ಇಲ್ವೋ? ದಿನಾ ಅಲ್ಲಿಗೇ ಸರಿಯಾಗಿ ಬೈದು ನಿಲ್ಲಿಸ್ತಿದ್ದೆ ನಾನು."

ಕುರ್ಚಿ ತೋರಿಸಿದೆ. ಮುಂದೆ ಬರಲೊಲ್ಲರು, ಹಿಂದೆಯೇ ಕೂತರು, ಬಾಗಿಲ ಪಕ್ಕ. "ಇಲ್ಲಿಗೆ ಕೇಳ್ತದಾ?"

ಕೇಳ್ತದಾ ಅಂತೆ!

ತಮ್ಮ ಬೆಲ್ ಹೊಡೆಯುತ್ತಿದ್ದಾನೆ. ಉಳಿದದ್ದು ಆಮೇಲೆ ಬರೆದರಾಯಿತು. ಈಗ ಕಡೇ ಸಾಲಿಗೆ —