ಆರನೇ ಬಾಗಿಲಿಗೆ ಇಬ್ಬರೇ

ಬಸಣ್ಣಾ,

ಇವತ್ತು ಮುಂಜಾನೆ ಕೀಬೋರ್ಡಿನ ಸಂದಿಯಿಂದ ಒಂದು ಇರುವೆ ಚುನಮರಿಯ ಚೂರು ಹೊತ್ತುಕೊಂಡು ಹೊರಗೆ ಬಂತು. ಕೀಲಿಗಳ ಮೇಲೆಯೇ ನಡೆದು, ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು, ಟೇಬಲ್ಲಿಗೆ ಇಳಿಯಿತು. ನಾನು ಚಹಾ ಹಿಡಿದುಕೊಂಡು ನೋಡುತ್ತ ನಿಂತಿದ್ದೆ. ನಿನ್ನೆ ಸಂಜೆ ತಿಂದ ಮಂಡಕ್ಕಿ ಗಿರಮಿಟ್ಟಿನ ಚೂರು ಅದು. ನೀನು ಹೋದ ಮೇಲೆ ಆ ಕುರ್ಚಿಯಲ್ಲಿ ಕೂತು ನಾನು ತಿಂದಿರಲಿಲ್ಲ, ಆಡಿರಲೂ ಇಲ್ಲ. ಈ ವಾರ ಎರಡನ್ನೂ ಮಾಡಿದೆ. ಏನಾಯಿತೆಂದು ನಿನಗೆ ಹೇಳಬೇಕು. ಬೇರೆ ಯಾರಿಗೆ ಹೇಳಲಿ?

ನೀನು ಲಕ್ಷ್ಮೇಶ್ವರದಿಂದ ನಿನ್ನ ಹಳೆಯ ಕಂಪ್ಯೂಟರನ್ನು ಬೈಕಿಗೆ ಕಟ್ಟಿಕೊಂಡು ಬೆಟಗೇರಿಯ ನಮ್ಮ ಮನೆಗೆ ಬಂದ ದಿನ ನೆನಪಾಗುತ್ತದೆ. ದೊಡ್ಡಪ್ಪನ ಮಗ ನೀನು, ಒಡಹುಟ್ಟಿದವನಿಗಿಂತ ಹೆಚ್ಚು ಅಧಿಕಾರ ಚಲಾಯಿಸುತ್ತಿದ್ದೆ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. "ಎಂ.ಎ. ಮುಗಿಸಿ ಮೂಲ್ಯಾಗ ಕುಂತೀಯಲ್ಲ, ಮಂದಿ ಜೋಡಿ ಮಾತಾಡಂದ್ರ ಜೀವಾ ಹೋಗ್ತೈತಿ ನಿನಗ. ಈ ಆಟದಾಗ ಮಾತಾಡೂದ ಬ್ಯಾಡ. ನನ್ನ ಹಿಂದ ಓಡಿ ಬಾ, ಸಾಕು." ಸುಮಾ ವೈನಿಗೆ ಆಗಲೇ ಕಲಿಸಿಯಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿಯೇ ಹೆಂಡತಿಯ ಕೈಗೆ ಬಿಲ್ಲು ಬಾಣ ಕೊಟ್ಟವನು ನಮ್ಮ ಮನೆತನದಲ್ಲಿ ನೀನೊಬ್ಬನೇ.

ಆಟವನ್ನು ನೀನು ತಿಳಿಸಿಕೊಟ್ಟ ರೀತಿ ಹೀಗಿತ್ತು: "ನೋಡ ರೂಪಾ, ಇದು ಕ್ವಾಟಿ. ಆರು ಬಾಗಲಾ ಅದಾವು. ಒಂದೊಂದಕ್ಕ ಒಬ್ಬೊಬ್ಬ ರಾಕ್ಷಸ. ನಾವು ಮೂರು ಮಂದಿ. ಒಬ್ರು ಬಿದ್ರ ಉಳಿದವರು ಎಬ್ಬಸಬಹುದು. ಮೂರೂ ಮಂದಿ ಬಿದ್ರ ಖಲಾಸ್, ಮತ್ತ ಒಂದನೇ ಬಾಗಲಾದಿಂದ ಬಾ." ಒಂದನೇ ಬಾಗಿಲಿನಿಂದ ಬೀಳುವ ತನಕ, ಇಲ್ಲವೆ ಗೆಲ್ಲುವ ತನಕ ಒಂದು ರನ್. ಪ್ರತಿ ರನ್ನಿಗೂ ಕೋಟೆಯೊಳಗಿನ ದಾರಿ ಬದಲಾಗಿರುತ್ತಿತ್ತು. ನೀನು ಗುರಾಣಿ ಹಿಡಿದು ಮುಂದೆ, ವೈನಿ ಬಿಲ್ಲು ಹಿಡಿದು ಹಿಂದೆ, ಔಷಧದ ಚೀಲ ಹೊತ್ತ ನಾನು ನಡುವೆ. ನೀವಿಬ್ಬರೂ ನಿಮ್ಮ ಮನೆಯಲ್ಲಿ ಒಂದೊಂದು ಕಂಪ್ಯೂಟರಿನ ಮುಂದೆ, ನಾನು ಇಲ್ಲಿ, ಕಿವಿಯಲ್ಲಿ ನಿನ್ನ ದನಿ.

ಕೋಟೆಯೊಳಗೆ ಹಕ್ಕಿಗಳಿದ್ದ ಒಂದು ನೀರಿನ ಜಾಗ ಸಿಗುತ್ತಿತ್ತು. ನಿನಗದು ನಿಮ್ಮೂರ ಹತ್ತಿರದ ಮಾಗಡಿ ಕೆರೆ. ಕಲ್ಲಿನ ಕಂಬಗಳ ಕಟ್ಟಡ ಬಾಳೆಹೊಸೂರಿನ ಮಠ. "ಮಾಗಡಿ ಕೆರಿ ಮುಗಿಸಿ ಮಠಕ್ಕ ಬರ್ರಿ, ಸೀದಾ ಬಾಗಲಕ್ಕ ಓಡಬ್ಯಾಡ್ರಿ" ಎನ್ನುತ್ತಿದ್ದೆ. ಮೊದಲು ಸಣ್ಣ ಪಾಳ್ಯಗಳನ್ನು ಗೆದ್ದು ಶಕ್ತಿ ಕೂಡಿಸಬೇಕು, ಮೂವರೂ ಒಂದೇ ಪರದೆಯಲ್ಲಿ ಕಾಣುವಷ್ಟು ಹತ್ತಿರ ಇರಬೇಕು, ಯಾರಾದರೂ ಬಿದ್ದರೆ ಮೊದಲು ಸುತ್ತಲಿನ ಸಣ್ಣ ವೈರಿಗಳನ್ನು ಮುಗಿಸಿ ಆಮೇಲೆ ಎಬ್ಬಿಸಬೇಕು. ನಡಿಗೆಯ ವೇಗ ಯಾವಾಗಲೂ ಹಿಂದೆ ಉಳಿದವರದೇ ಆಗಿರಬೇಕು. ಹಿಂದೆ ಉಳಿಯುತ್ತಿದ್ದವಳು ನಾನು, ಆದ್ದರಿಂದ ಈ ನಿಯಮ ನನಗೆ ಬಹಳ ಸೇರಿತ್ತು.

ನಮ್ಮ ತಂಡಕ್ಕೆ ಒಂದು ರೋಗವಿತ್ತು, ಅದನ್ನು ಮೊದಲು ಹಿಡಿದವನೂ ನೀನೇ. ಪೆಟ್ಟಿಗೆ ತೆರೆದರೆ ಒಳ್ಳೆಯ ಆಯುಧ ಒಂದೇ ಇರುತ್ತಿತ್ತು. ನಾನು "ವೈನಿ, ನೀವು ತಗೋರಿ" ಎನ್ನುತ್ತಿದ್ದೆ. ಅವರು "ಬ್ಯಾಡವಾ, ನೀ ತಗೋ" ಎನ್ನುತ್ತಿದ್ದರು. ಇಬ್ಬರೂ ಪೆಟ್ಟಿಗೆಯ ಮುಂದೆ ನಿಂತಿರುವಾಗ ಹಿಂದಿನಿಂದ ಯಾವುದೋ ತೋಳ ಬಂದು ಕಚ್ಚುತ್ತಿತ್ತು. ಔಷಧದ ಸೀಸೆಗಳದೂ ಅದೇ ಕತೆ. ಅವರಿಗೆ ಬೇಕಾದೀತೆಂದು ನಾನು ಕುಡಿಯುತ್ತಿರಲಿಲ್ಲ, ನನಗೆ ಬೇಕಾದೀತೆಂದು ಅವರೂ ಕುಡಿಯುತ್ತಿರಲಿಲ್ಲ. ತುಂಬಿದ ಸೀಸೆಗಳನ್ನು ಸೊಂಟಕ್ಕೆ ಕಟ್ಟಿಕೊಂಡೇ ಇಬ್ಬರೂ ಸತ್ತು ಬೀಳುತ್ತಿದ್ದೆವು. "ಏ, ಬೀಗರ ಮನಿ ಪಂಕ್ತಿ ಏನ ಇದು? ಬಡಸಾಕ ಬಂದೀರೇನ ಬಡ್ಯಾಕ ಬಂದೀರೇನ? ಕುಡೀರಿ ಅಂದ್ರ ಕುಡೀರಿ!" ಎಂದು ನೀನು ಅಲ್ಲಿಂದ ಒದರುತ್ತಿದ್ದೆ. ಒದರುವವನು ನೀನಿದ್ದೆ, ಹಾಗಾಗಿ ನಮ್ಮ ಮರ್ಯಾದೆ ನಡೆಯುತ್ತಿತ್ತು. ಐದು ಬಾಗಿಲುಗಳನ್ನು ನಿನ್ನ ಬೈಗುಳದ ಬಲದಿಂದಲೇ ದಾಟಿದೆವು. ಆರನೆಯದು ಮಾತ್ರ...

ಕೊನೆಯ ಸಲ ಆಡಿದಾಗ ನೀನು ವಿಶೇಷವಾಗಿ ಏನೂ ಹೇಳಲಿಲ್ಲ. "ಕರೆಂಟ್ ಹೋತು" ಎಂದು ಫೋನಿನಲ್ಲಿ ಹೇಳಿದೆ, ಅಷ್ಟೇ. ಆ ವಾರವೇ ಎದೆನೋವು, ಗದಗಿನ ಆಸ್ಪತ್ರೆ, ಹೊರಗಿನ ಬೆಂಚಿನ ಮೇಲೆ ವೈನಿ. ಅವರ ಪಕ್ಕದಲ್ಲಿ ನಾನು ಬಹಳ ಹೊತ್ತು ಕೂತಿದ್ದೆ. ಕೈ ಹಿಡಿಯಬೇಕೆನ್ನಿಸಿತು. ಅವರಿಗೆ ಹೇಗೆನ್ನಿಸುತ್ತದೋ ಎಂದು ಹಿಡಿಯಲಿಲ್ಲ. ನಮ್ಮಿಬ್ಬರ ನಡುವಿನ ಮಾತೆಲ್ಲ ಅಲ್ಲಿಯ ತನಕ ನಿನ್ನ ಮೂಲಕವೇ ಹೋಗುತ್ತಿತ್ತು ಎನ್ನುವುದು ನನಗೆ ಗೊತ್ತಾದದ್ದು ಆಗಲೇ.

ಈ ಸೋಮವಾರ ವೈನಿ ತಾವಾಗಿಯೇ ಫೋನ್ ಮಾಡಿದರು. "ಬರೂ ಐತವಾರ ನಮ್ಮಣ್ಣ ಬರ್ತಾನವಾ. ಮುಂಡರಗಿಯಿಂದ ಟೆಂಪೊ ಮಾತಾಡ್ಯಾನ. ತವರಿಗೆ, ಹಿರೇವಡ್ಡಟ್ಟಿಗೇ ಹೋಗಿ ಬಿಡೂದು. ನಾ ಕಲಸೂ ಸಾಲಿಗೂ ಹೇಳೀನಿ, ಮನಿ ಮಾಲಕರಿಗೂ ಹೇಳೀನಿ." ನಾನು "ಹೌದೇನ್ರಿ" ಎಂದೆ. ಆಮೇಲೆ ಅವರೇ, "ಈ ಕಂಪ್ಯೂಟರ್ ಯಾರಿಗರೆ ಕೊಟ್ಟ ಬಿಡ್ತೀನಿ. ಅದಕ್ಕಿಂತ ಮೊದ್ಲ ಆ ಆರನೇ ಬಾಗಲಾ ಒಂದ ದಾಟಿ ಬಿಡೂಣೇನ? ನಿಮ್ಮಣ್ಣಗ ಅದೊಂದ ಉಳದಿತ್ತು" ಎಂದರು. ನನಗೆ ಬಾಗಿಲಿನ ಚಿಂತೆಗಿಂತ ಅದು ದಾಟಿದ ಮೇಲಿನ ಚಿಂತೆಯೇ ದೊಡ್ಡದಾಯಿತು. ದಾಟಿದರೆ ವೈನಿಗೂ ನನಗೂ ನಡುವೆ ಮಾತಾಡಲು ಏನು ಉಳಿಯುತ್ತದೆ? ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋಳಿಗೆ ಕಟ್ಟಿ ಕಳಿಸುವುದೇ?

ಮೊದಲ ಸಂಜೆ ನಿನ್ನ ಜಾಗಕ್ಕೆ ಆಟವೇ ಒಬ್ಬ ಅಪರಿಚಿತನನ್ನು ಹುಡುಕಿ ಕೊಟ್ಟಿತು. ಯಾವ ದೇಶದವನೋ. ಗುರಾಣಿ ಹಿಡಿದಿದ್ದ, ಆದರೆ ಹಿಂದೆ ತಿರುಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಸೀದಾ ಓಡಿದ, ಮೂರನೇ ಬಾಗಿಲಿನಲ್ಲಿ ಬಿದ್ದ, ಬಿದ್ದವನು ಆಟ ಬಿಟ್ಟೇ ಹೋದ. "ಪಾಪ, ಅವಸರ ಇತ್ತೇನೋ" ಎಂದರು ವೈನಿ. ಮರುದಿನ ಅಪರಿಚಿತರೇ ಬೇಡವೆಂದು ಮೂರನೆಯ ಜಾಗವನ್ನು ಖಾಲಿ ಬಿಟ್ಟೆವು. ಇಬ್ಬರೇ ಹೋದರೆ ರಾಕ್ಷಸರ ಬಲವೂ ಸ್ವಲ್ಪ ಕಡಿಮೆಯಾಗುತ್ತದೆ, ನಿನಗೆ ಗೊತ್ತಲ್ಲ. ಆದರೂ ನಾಲ್ಕನೇ ಬಾಗಿಲು ದಾಟಲಾಗಲಿಲ್ಲ. "ಯಾವ ಕಡೆ ಹೋಗೂಣ್ರಿ?" "ನೀ ಹೇಳವಾ." "ನಿಮಗ ಹೆಂಗ ಅನಸ್ತೈತಿ?" "ನಂದೇನಿಲ್ಲ, ನಿನಗ ಬೇಕಾದಂಗ." ನಾವು ಹೀಗೆ ಮಾತಾಡುತ್ತಿರುವಾಗಲೇ ರಾಕ್ಷಸ ಇಬ್ಬರನ್ನೂ ಒಂದೇ ಏಟಿಗೆ ಕೆಡವಿದ. ಹಾಗೆ ನೆಲಕ್ಕೆ ಬಿದ್ದಲ್ಲಿಂದ ನೋಡಿದೆ. ವೈನಿಯ ಸೊಂಟದಲ್ಲಿ ಸೀಸೆಗಳೆಲ್ಲ ತುಂಬಿಯೇ ಇದ್ದವು. ನನ್ನವೂ.

ಸುಮ್ಮನೆ ನೋಡುವುದೊಂದು ನನಗೆ ಬರುತ್ತದೆ. ನೀನು ಗುರಾಣಿ ಹಿಡಿದು ನಿಂತಿದ್ದಾಗ ನೋಡುವ ಅಗತ್ಯವಿರಲಿಲ್ಲ, ಏಟೆಲ್ಲ ನಿನಗೇ ಬೀಳುತ್ತಿತ್ತು. ಈಗ ನೋಡಿದೆ. ತನ್ನನ್ನು ಯಾರು ಕೊನೆಗೆ ಹೊಡೆದರೋ ಅವರ ಬೆನ್ನನ್ನೇ ರಾಕ್ಷಸ ಹತ್ತುತ್ತಾನೆ. ಹಾಗಾದರೆ ಗುರಾಣಿ ಇಲ್ಲದೆಯೂ ನಡೆಯುತ್ತದೆ. ವೈನಿ ಬಾಣ ಬಿಡಬೇಕು, ಅವನು ಅವರ ಕಡೆ ಓಡಬೇಕು, ಅವರನ್ನು ಮುಟ್ಟುವ ಮೊದಲು ನಾನು ನನ್ನ ಬಡ ಕೋಲಿನಿಂದ ಒಂದು ಪೆಟ್ಟು ಕೊಟ್ಟು ಅವನನ್ನು ನನ್ನ ಕಡೆ ತಿರುಗಿಸಬೇಕು. ನಾನು ಓಡುವಾಗ ವೈನಿ ಮತ್ತೆ ಬಾಣ. ಸರದಿ ತಪ್ಪಬಾರದು, ಅಷ್ಟೇ. ಆದರೆ ಸರದಿ ಯಾವಾಗ ಬದಲಾಗಬೇಕೆಂದು ಇಬ್ಬರಲ್ಲಿ ಒಬ್ಬರು ಹೇಳಲೇಬೇಕು. ವಿನಂತಿ ಮಾಡಿ ಕೇಳುವಷ್ಟು ಹೊತ್ತು ರಾಕ್ಷಸ ಕಾಯುವುದಿಲ್ಲ.

ನಿನ್ನೆ ಸಂಜೆ ಶುರುವಾಗುವ ಮೊದಲೇ ನಾನು ಮೈಕಿನಲ್ಲಿ ಹೇಳಿದೆ. "ವೈನಿ, ಇವತ್ತ ಒಬ್ರನ್ನೊಬ್ರು ಕೇಳೂದು ಬ್ಯಾಡ್ರಿ. ಪೆಟಗಿ ಯಾರು ತಗದ್ರೋ ಅವರದು. ಅರ್ಧ ಜೀವ ಹೋತಂದ್ರ ಔಷಧ ಕುಡದ ಬಿಡೂದು. ನನಗಂತ ಇಡಬ್ಯಾಡ್ರಿ." "ಆತವಾ" ಎಂದರು ವೈನಿ.

ಕೆರೆ ಮುಗಿಸಿ, ಮಠ ಮುಗಿಸಿ, ಹತ್ತಿರ ಹತ್ತಿರವೇ ನಡೆದು ಐದು ಬಾಗಿಲು ದಾಟಿದೆವು. ಆರನೆಯದರ ಮುಂದೆ ಅಂವ ನಿಂತಿದ್ದ, ನೀನು "ಕರಿಯಪ್ಪ" ಎಂದು ಹೆಸರಿಟ್ಟವನು. ವೈನಿ ಬಾಣ, ನನ್ನ ಕೋಲು. ವೈನಿ ಬಾಣ, ನನ್ನ ಕೋಲು. ಒಮ್ಮೆ ಅವರ ಜೀವ ಅರ್ಧಕ್ಕಿಂತ ಕೆಳಗಿಳಿಯಿತು, ಹಳೆಯ ಚಾಳಿ, ಕುಡಿಯಲೇ ಇಲ್ಲ. ನಾನು ಕಿರುಚಿಯೇಬಿಟ್ಟೆ: "ವೈನಿ, ಕುಡೀರಿ! ಈಗಿಂದೀಗ ಕುಡೀರಿ! ಯಾರಿಗಂತ ಇಟಗೊಂಡ ಕುಂತೀರಿ?"

ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದಳು. "ಯಾರ ಮ್ಯಾಲೆ ಒದರಾಕತ್ತೀ?"

"ವೈನಿ ಮ್ಯಾಲೆ."

"ಅಯ್ಯ ಶಿವನ! ದೊಡ್ಡವರ ಮ್ಯಾಲೆ ಹಂಗ ಒದರತಾರೇನ?"

ಕಿವಿಯಲ್ಲಿ ವೈನಿ ನಗುತ್ತಿದ್ದರು. "ಒದರಲಿ ಬಿಡ್ರಿ ಅಂತ ಅತ್ತಿಯವರಿಗೆ ಹೇಳು. ಕುಡದೆ ನಾ."

ಕರಿಯಪ್ಪನ ಜೀವ ಇಷ್ಟೇ ಇಷ್ಟು ಉಳಿದಾಗ ನಾನು ಬಿದ್ದೆ. ನಿನ್ನ ನಿಯಮದ ಪ್ರಕಾರ ವೈನಿ ಬಂದು ನನ್ನನ್ನು ಎಬ್ಬಿಸಬೇಕಿತ್ತು, ಓಡಿ ಬರುತ್ತಲೂ ಇದ್ದರು. ಎಬ್ಬಿಸಲು ಬಗ್ಗಿದರೆ ಅಂವ ಹಿಂದಿನಿಂದ ಹೊಡೆಯುತ್ತಾನೆ. "ನನ್ನ ಬಿಡ್ರಿ, ಬಾಣಾ ಬಿಡ್ರಿ" ಎಂದೆ. ಅವರು ನಿಂತರು. "ನಿನ್ನ ಬಿಟ್ಟ ಹೆಂಗವಾ..." ಎಂದರು. ಆಮೇಲೆ ತಿರುಗಿ ಬಿಲ್ಲು ಎಳೆದರು. ಅಣ್ಣಾ, ನಿನ್ನ ಆ ನಿಯಮ ಐದು ಬಾಗಿಲಿಗೆ ಸರಿ, ಆರನೆಯದಕ್ಕೆ ತಪ್ಪು. ನಾವು ಅಲ್ಲಿ ಮತ್ತೆ ಮತ್ತೆ ಸೋತದ್ದು ಅದಕ್ಕೇ ಇರಬೇಕು. ನೀನಿದ್ದಿದ್ದರೆ ಒಪ್ಪುತ್ತಿದ್ದೆಯಾ? ಅರ್ಧ ತಾಸು ವಾದ ಮಾಡುತ್ತಿದ್ದೆ.

ಕರಿಯಪ್ಪ ಉರುಳಿದ, ಬಾಗಿಲು ತೆರೆಯಿತು. ಒಳಗೆ ಅಂಥದ್ದೇನೂ ಇಲ್ಲ, ಒಂದು ಅಂಗಳ, ಬೆಳಕು, ಮೆಟ್ಟಿಲು. "ಆತಲ್ಲ?" ಎಂದರು ವೈನಿ. "ಆತ್ರಿ" ಎಂದೆ. ಮೂಗು ಒರೆಸಿಕೊಂಡ ಸದ್ದು ಕೇಳಿತು. ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. ಅವರು ಏಳಲಿಲ್ಲ.

ಆಗ ನಾನು ಕೇಳಿದೆ, ಬೇರೆ ದಿನವಾಗಿದ್ದರೆ ಕೇಳುತ್ತಿರಲಿಲ್ಲ. "ವೈನಿ, ನಿಮಗ ಹಿರೇವಡ್ಡಟ್ಟಿಗೆ ಹೋಗೂ ಮನಸೈತೇನ್ರಿ?"

"ಅಣ್ಣ ಬಾ ಅಂದ. ಒಲ್ಲೆ ಅಂದ್ರ ಬ್ಯಾಸರಾ ಮಾಡ್ಕೋತಾನ ಅಂತ ಹ್ಞೂ ಅಂದೆ. ಅಂವಾ ಮನಸಿಂದ ಕರದಾನೋ, ಕರೀಬೇಕಂತ ಕರದಾನೋ, ಅದೂ ತಿಳೀವಲ್ದು. ನಿಮ್ಮಪ್ಪ ಅವರೂ 'ನಿನಗ ಹೆಂಗ ಬೇಕೋ ಹಂಗ ಮಾಡವಾ' ಅಂದ್ರು. ನಂದೊಂದ ಸಾಲಿ ಐತಿ ಇಲ್ಲಿ, ಹುಡುಗ್ರು ಅದಾವು. ಬಿಟ್ಟ ಹೋಗಾಕ... ಇರಲಿ ಬಿಡು. ಒಬ್ಬಾಕಿ ಇರಾಕ ಆಗೂದಿಲ್ಲ." ಅಷ್ಟು ಹೇಳಿ ಅನ್ನ ಹತ್ತುತ್ತದೆಂದು ಎದ್ದು ಹೋದರು.

ಅಪ್ಪ ಆ ಮಾತನ್ನು ಗೌರವಕ್ಕಾಗಿಯೇ ಹೇಳಿದ್ದ, ನನಗೆ ಗೊತ್ತು. ಅವರ ಅಣ್ಣ ಕರೆದದ್ದೂ ಗೌರವಕ್ಕೇ ಇರಬಹುದು. ಆದರೆ ಬಸಣ್ಣಾ, ನಮ್ಮಲ್ಲಿ ಒಬ್ಬರಾದರೂ ನಮಗೇನು ಬೇಕೆಂದು ಅವರ ಮುಂದೆ ಹೇಳಿದ್ದೇವಾ?

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಶಿರಹಟ್ಟಿಯ ಕಾಲೇಜಿನಲ್ಲಿ ಕನ್ನಡ ಕಲಿಸಲು ಅತಿಥಿ ಉಪನ್ಯಾಸಕಿಯಾಗಿ ನನ್ನನ್ನು ಕರೆದಿದ್ದಾರೆ. ತರಗತಿಯ ಮುಂದೆ ನಿಂತು ಮಾತಾಡುವುದು ಹೇಗೆಂದು ಇಷ್ಟು ದಿನ ಉತ್ತರ ಕೊಟ್ಟಿರಲಿಲ್ಲ. ಇವತ್ತು ಮುಂಜಾನೆ ಬರುತ್ತೇನೆಂದು ಫೋನ್ ಮಾಡಿ ಹೇಳಿದೆ. ಬೆಟಗೇರಿಯಿಂದ ದಿನಾ ಓಡಾಡಿದರಾಯಿತು ಎಂದು ಅಪ್ಪ ಲೆಕ್ಕ ಹಾಕಿದ್ದಾನೆ. ನನ್ನ ಲೆಕ್ಕ ಬೇರೆ. ಶಿರಹಟ್ಟಿಗೆ ಲಕ್ಷ್ಮೇಶ್ವರವೇ ಹತ್ತಿರ.

ಶನಿವಾರ ಸಂಜೆಯೇ ಹೋಗುತ್ತೇನೆ, ಟೆಂಪೊ ಬರುವ ಮೊದಲು. ಹೋಗಿ ವೈನಿಗೆ, ನಿಮ್ಮ ಜೊತೆ ಈ ಮನೆಯಲ್ಲಿ ಇರಬೇಕೆಂದಿದ್ದೇನೆ, ನನಗೆ ಇದೇ ಬೇಕು ಎಂದು ಹೇಳುತ್ತೇನೆ. ವೈನಿ ಒಲ್ಲೆ ಎನ್ನಬಹುದು. ಎಂದರೆ ಸಾಮಾನು ಏರಿಸಲು ಕೈಜೋಡಿಸಿ, ಅವರನ್ನು ಕಳಿಸಿ, ಬಸ್ಸು ಹತ್ತಿ ಬರುತ್ತೇನೆ. ಅಪ್ಪ ಅವ್ವನಿಗೆ ಇನ್ನೂ ತಿಳಿಸಿಲ್ಲ. ದೊಡ್ಡ ಚೀಲವನ್ನು ಅಟ್ಟದಿಂದ ಇಳಿಸಿ, ಒರೆಸಿ, ಬಿಸಿಲಿಗೆ ಇಟ್ಟಿದ್ದೇನೆ.

ರೂಪಾ