ಎಡಗಡೆಯ ಬೆನ್ನು

ಯೊಂಗ್‌ಡೊ, ಬುಸಾನ್
8 ಫೆಬ್ರವರಿ 1996

ಮಗಳು ಯೊನ್‌ಸುಕ್‌ಗೆ,

ಅಮ್ಮನ ಆಶೀರ್ವಾದ. ನೀನು, ಅಳಿಯಂದಿರು, ಮಕ್ಕಳು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರಪಡಬೇಡ. ಬರೆಯುವುದು ಬಲಗೈ, ಅದಕ್ಕೇನೂ ಆಗಿಲ್ಲ. ಮನಸ್ಸಿರಲಿಲ್ಲ, ಅಷ್ಟೆ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಫೋನು ಎತ್ತುವುದು ನಿನ್ನ ಅತ್ತೆ. ಎತ್ತಿದ ಕೂಡಲೇ, "ಬೀಗರೇ, ಹೆಗಲು ಉಳುಕಿತ್ತಲ್ಲ, ಈಗ ಹೇಗಿದೆ?" ಎನ್ನುತ್ತಾರೆ. ನೀನು ಹೇಳಿಕೊಟ್ಟ ಸುಳ್ಳನ್ನು ಇನ್ನೆಷ್ಟು ಸಲ ಒಪ್ಪಿಸಲಿ?

ಹೊಸವರ್ಷದ ಹಬ್ಬಕ್ಕೆ ಮುಂಚೆ ಇಬ್ಬರೂ ಸಾರ್ವಜನಿಕ ಸ್ನಾನದ ಮನೆಗೆ ಹೋಗೋಣ, ಬೆನ್ನು ಉಜ್ಜುತ್ತೇನೆ ಎಂದು ಬರೆದಿದ್ದೀಯ. ಸುಗ್ಗಿಯ ಚುಸೊಕ್ ಹಬ್ಬವಾದ ಮೇಲೆ ಯಾಕೆ ಒಮ್ಮೆಯೂ ಬೆನ್ನುಜ್ಜಲು ಕರೆಯಲಿಲ್ಲ ಎಂದೂ ಕೇಳಿದ್ದೀಯ. ನಾನು ಬರುವುದಿಲ್ಲ. ನನ್ನ ಬೆನ್ನು ನಾನೇ ಉಜ್ಜಿಕೊಳ್ಳುವುದನ್ನು ಕಲಿಯುತ್ತಿದ್ದೇನೆ.

ಎದೆಯ ಆಪರೇಷನ್ನಿನಲ್ಲಿ ಕಂಕುಳಿನ ಗಂಟು ತೆಗೆಯುವಾಗ ಒಂದು ನರಕ್ಕೆ ಪೆಟ್ಟು ಬಿತ್ತೆಂದು ಡಾಕ್ಟರು ಹೇಳಿದಾಗ ನೀನೂ ಪಕ್ಕದಲ್ಲಿದ್ದೆ. ಬೆನ್ನಿನ ರೆಕ್ಕೆಮೂಳೆಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಮಾಂಸಖಂಡವನ್ನು ಆಡಿಸುವುದು ಆ ನರವಂತೆ. ಈಗ ಎಡಗೈ ಮುಂದೆ ಚಾಚಿದರೆ ಮೂಳೆ ಬೆನ್ನಿನಿಂದ ಎದ್ದು ನಿಲ್ಲುತ್ತದೆ, ಸರಿಯಾಗಿ ಮುಚ್ಚದ ಬೀರುವಿನ ಬಾಗಿಲಿನ ಹಾಗೆ. ಕೈ ಹೆಗಲಿನಿಂದ ಮೇಲೇರುವುದಿಲ್ಲ. ನಮ್ಮ ಅಂಗಡಿಯಲ್ಲಿ ಮೇಲಿನ ಹಲಗೆಯ ರಜಾಯಿಗಳನ್ನು ಗಿರಾಕಿಗಳೇ ಇಳಿಸಿಕೊಳ್ಳುತ್ತಾರೆ. ಅದನ್ನು ನೋಡಿಕೊಂಡು ನಿಲ್ಲಬೇಕು.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವವಳು ಬ್ಯೊನ್ ಎಂಬ ಹುಡುಗಿ. ಮೊದಲ ದಿನವೇ, "ಅಮ್ಮಾ, ಈ ಕೈಯಿಂದ ನಿಮಗೆ ಮುಖ್ಯವಾಗಿ ಏನು ಮಾಡೋಕಾಗ್ಬೇಕು?" ಎಂದು ಕೇಳಿದಳು. ಉಳಿದವರೆಲ್ಲ ತಲೆ ಬಾಚಿಕೊಳ್ಳುವುದು, ಬಟ್ಟೆ ಒಣಹಾಕುವುದು ಎನ್ನುತ್ತಾರಂತೆ.

"ಬೆನ್ನು ಉಜ್ಜಿಕೊಳ್ಬೇಕು" ಎಂದೆ.

"ಅಯ್ಯೋ, ಪಕ್ಕದಲ್ಲಿ ಕೂತೋರನ್ನ ಕೇಳಿದ್ರೆ ಉಜ್ಜಲ್ವೇನಮ್ಮಾ?"

"ಗಂಡ ಸತ್ತಾಗ ಮೂರು ಮಕ್ಕಳಿದ್ವು. ಆಗ್ಲೂ ಯಾರನ್ನೂ ಏನೂ ಕೇಳ್ಲಿಲ್ಲ. ಈಗ ಬೆನ್ನು ತೋರಿಸ್ಕೊಂಡು ಬೇಡ್ಲಾ?"

ಅವಳು ನನ್ನನ್ನು ಗೋಡೆಯ ಎದುರು ನಿಲ್ಲಿಸಿದಳು. ಅಂದಿನಿಂದ ಗೋಡೆಯೇ ನನ್ನ ಪಾಠ. ಎರಡೂ ಅಂಗೈ ಊರಿ, ಮೂಳೆ ಬೆನ್ನಿಗೆ ಅಂಟುವವರೆಗೆ ತಳ್ಳಬೇಕು. ಆಮೇಲೆ ಒಂದು ಬಟ್ಟೆ ಹಿಡಿದು ಗೋಡೆ ಒರೆಸುತ್ತ ಕೈಯನ್ನು ಮೇಲೇರಿಸಬೇಕು. "ಹೆಗಲು ಕಿವಿ ಹತ್ರ ಹೋಗ್ಬಾರದು, ಕಳ್ಳತನ ಮಾಡ್ಬೇಡಿ" ಎಂದು ಬೆನ್ನಿನ ಮೇಲೆ ಕೈಯಿಟ್ಟು ಗದರಿಸುತ್ತಾಳೆ. ಮನೆಯಲ್ಲೂ ಅದೇ ಕೆಲಸ. ಕೆಳಮನೆಯ ಚೊನ್ ಕಿಟಕಿಯಲ್ಲಿ ಇಣುಕಿ, "ಏನಕ್ಕಾ, ಮನೆ ದೂಡ್ಕೊಂಡು ಊರು ಬಿಡ್ತೀಯಾ?" ಎಂದಳು. "ನಿನ್ನ ಬಾಯಿ ಕೇಳಿಸದಷ್ಟು ದೂರ ಹೋದ್ರೆ ಸಾಕು" ಎಂದೆ.

ಇಲ್ಲಿಯ ಸ್ನಾನದ ಮನೆಯಲ್ಲಿ ಬೆನ್ನುಜ್ಜುವ ಯಂತ್ರವಿದೆಯಲ್ಲ, ಗುಂಡಿ ಒತ್ತಿದರೆ ಗರಗರ ತಿರುಗುವ ಆ ತಟ್ಟೆ. ಹೋದ ತಿಂಗಳು ಅದಕ್ಕೇ ಬೆನ್ನು ಕೊಟ್ಟು ಕುಳಿತೆ. ಎದ್ದು ನಿಂತ ಮೂಳೆ ಅದಕ್ಕೇನು ಗೊತ್ತು? ಚರ್ಮ ಸುಲಿಯಿತು. ಮರುದಿನ ಬ್ಯೊನ್ ಅಂಗಿ ಸರಿಸಿ ನೋಡಿ, "ಬೆನ್ನಿಗೆ ಯಾರಮ್ಮಾ ಇಷ್ಟು ದೊಡ್ಡ ಸೀಲು ಒತ್ತಿದ್ದು? ವಾರ್ಡ್ ಆಫೀಸಿಗೆ ಹೋಗಿದ್ರಾ?" ಎಂದಳು. ಮುಲಾಮು ಹಚ್ಚುತ್ತ ದನಿ ತಗ್ಗಿಸಿ, "ಮಗಳಿದಾಳೆ ಅಂದಿದ್ರಲ್ಲ?" ಎಂದಳು.

"ಇದಾಳೆ" ಎಂದು ಹೇಳಿ ಗೋಡೆಗೆ ಕೈ ಊರಿದೆ.

ನರ ಮತ್ತೆ ಚಿಗುರಿದರೂ ಚಿಗುರಬಹುದು, ಕಾಯಬೇಕು ಎನ್ನುತ್ತಾರೆ. ಈಗ ಬಟ್ಟೆ ನಿಮ್ಮಪ್ಪನ ಫೋಟೋದ ಕೆಳಚೌಕಟ್ಟು ಮುಟ್ಟುತ್ತದೆ. ಗಾಜು ಒರೆಸುವಷ್ಟು ಇನ್ನೂ ಏರಿಲ್ಲ.

ಬೆನ್ನುಜ್ಜಿಕೊಳ್ಳಲು ನೀನು ಕಳಿಸಿದ ಉದ್ದ ಹಿಡಿಯ ಬ್ರಷ್ಷನ್ನು ಈ ಪಾರ್ಸೆಲ್ಲಿನಲ್ಲಿ ಹಿಂದಿರುಗಿಸಿದ್ದೇನೆ. ನಿನ್ನ ಅತ್ತೆಗೆ ಬೇಕಾದೀತು. ಜೊತೆಗೆ ಒಣ ನೆತ್ತಲಿ ಮೀನಿದೆ, ಸಾರಿಗೆ ಹಾಕು. ಮಕ್ಕಳು ಚೆನ್ನಾಗಿ ಓದಲಿ. ನಿನ್ನ ಸಂಸಾರ ತುಂಬಿರಲಿ, ನಿನಗೆ ನನ್ನ ಕಾಯಿಲೆ ಬಾರದಿರಲಿ.

ನಿನ್ನ ಅಮ್ಮ,
ಪ್ಯೊ ಬೊಂಗ್‌ರೆ

ತಾ.ಕ.: ಯಾಕೆ ಕರೆಯುವುದಿಲ್ಲ ಎಂದು ಕೇಳಿದ್ದೀಯಲ್ಲ. ಚುಸೊಕ್‌ನ ಹಿಂದಿನ ದಿನ ನಿಮ್ಮ ಬೀದಿಯ ಸ್ನಾನದ ಮನೆಯಲ್ಲಿ ನೀನು ನನ್ನ ಬಲಗಡೆಯ ಬೆನ್ನು ಉಜ್ಜಿ ಮುಗಿಸಿದ್ದೆ. ಅಷ್ಟರಲ್ಲಿ ನಿನ್ನ ಅತ್ತೆ ಒಳಗೆ ಬಂದರು. "ಸಾಬೂನು ತರ್ತೀನಮ್ಮಾ" ಎಂದು ನೀನು ಸ್ಟೂಲು, ಬೋಗುಣಿ ಎತ್ತಿಕೊಂಡು ಆಚೆಯ ಸಾಲಿಗೆ ಹೋದೆ. ನನ್ನ ಒಂದು ಮೊಲೆ ಹೋಗಿರುವುದು ಅವರಿಗೆ ತಿಳಿಯಬಾರದಿತ್ತು. ಹಬೆಯಲ್ಲಿ ಗುರುತು ಹತ್ತದಿರಲಿ ಎಂದು ನಾನೇ ಗೋಡೆಯ ಕಡೆ ತಿರುಗಿದೆ. ಗೋಡೆಯಲ್ಲಿ ಕನ್ನಡಿ ಇತ್ತು.

"ಒಬ್ಳೇ ಬಂದ್ಯಾ?" ಎಂದರು ಅವರು.

"ಹೂಂ ಅತ್ತೆ, ಒಬ್ಳೇ. ತಿರುಗಿ ಕೂತ್ಕೊಳ್ಳಿ, ಬೆನ್ನು ಉಜ್ತೀನಿ."

ನೀನು ಅವರ ಬೆನ್ನನ್ನು ಎರಡೂ ಕಡೆ, ಸೊಂಟದವರೆಗೆ, ಚೆನ್ನಾಗಿ ಉಜ್ಜಿದೆ. ಅದು ಮುಗಿಯುವವರೆಗೂ ಸಾಬೂನು ಬರುತ್ತದೆ ಎಂದು ನಾನು ಕುಳಿತಿದ್ದೆ. ಆಮೇಲೆ ನೀರು ಹೊಯ್ದುಕೊಂಡು ಎದ್ದು ಬಂದೆ. ಸಂಜೆ ಫೋನು ಮಾಡಿ, "ಹೇಳದೆ ಯಾಕೆ ಹೋದೆ?" ಎಂದು ನೀನೇ ನನ್ನನ್ನು ಕೇಳಿದೆ.

ಉಳಿದದ್ದು ಎಡಗಡೆ. ಅದನ್ನು ನಾನೇ ಉಜ್ಜಿಕೊಳ್ಳುತ್ತೇನೆ.