ಅಕ್ಷರ ನೋಡಿ ಕಂಪ್ಯೂಟರ್ ಹಂಚುವವರಿಗೆ

ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಮಂಜೂರು ಮಾಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ತಂಗಿಗೆ ಕಂಪ್ಯೂಟರ್ ಕೊಟ್ಟಿರಿ, ನನಗೆ ಕೊಡಲಿಲ್ಲ. ವಿಷಯ ಇಷ್ಟೇ. ಮೂರು ವಾರದಿಂದ ಹೊಟ್ಟೆ ಉರಿಯುತ್ತಿದೆ. ಅದನ್ನು ಮುಚ್ಚಿಟ್ಟು ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಶುರುಮಾಡುವ ನಾಟಕ ನನಗೆ ಬೇಡ. ಆದರೆ ಹೊಟ್ಟೆಕಿಚ್ಚು ಪಡುವವರು ಹೇಳುವುದೆಲ್ಲ ಸುಳ್ಳು ಎಂದು ನಿಮ್ಮ ನಿಯಮಾವಳಿಯಲ್ಲೂ ಇರಲಾರದು. ಆದ್ದರಿಂದ ದಯವಿಟ್ಟು ಪೂರ್ತಿ ಓದಿ.

ತರಗತಿಯಲ್ಲಿ ನೋಟ್ಸ್ ಬರೆದುಕೊಳ್ಳಲು ಕಷ್ಟಪಡುವ ಮಕ್ಕಳಿಗೆ ಕಂಪ್ಯೂಟರ್ ಕೊಡುತ್ತೇವೆಂದು ನಿಮ್ಮ ಸುತ್ತೋಲೆ ಬಂತು. ಅರ್ಜಿ ಮಾತ್ರ ಸ್ವಂತ ಕೈಬರಹದಲ್ಲಿರಬೇಕು, ಒಂದು ಪುಟಕ್ಕೆ ಕಡಿಮೆಯಾಗಬಾರದು ಎಂದಿತ್ತು. ಕಾಲು ಮುರಿದವರಿಗೆ ಊರುಗೋಲು ಉಚಿತ, ಮೂರನೇ ಮಹಡಿ ಹತ್ತಿ ಬಂದು ಪಡೆದುಕೊಳ್ಳಿ ಎಂದ ಹಾಗೆ. ಹೋದ ವರ್ಷ ನನ್ನ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಕಸುವು ಮಾತ್ರ ಬರಲಿಲ್ಲ. ಹತ್ತು ನಿಮಿಷ ಬರೆದರೆ ಬೆರಳುಗಳು ಸೆಟೆದುಕೊಳ್ಳುತ್ತವೆ, ಪೆನ್ನು ತಾನಾಗಿಯೇ ಕೆಳಗೆ ಬೀಳುತ್ತದೆ. ಇದು ನನ್ನ ಶಾಲೆಯ ಕೊನೆಯ ವರ್ಷ. ಜೀವಶಾಸ್ತ್ರದ ಮೇಷ್ಟ್ರು ಯಾರಿಗೂ ಕಾಯುವವರಲ್ಲ. ನನ್ನ ಪುಸ್ತಕದಲ್ಲಿ ಪ್ರತಿ ಪಾಠವೂ ಹತ್ತನೇ ನಿಮಿಷಕ್ಕೆ ನಿಂತಿದೆ. ಹೃದಯದ ಎಡಭಾಗ ಇದೆ, ಬಲಭಾಗ ಇಲ್ಲ. ಹೀಗೇ ಹೋದರೆ ನಾನು ಫೇಲಾಗುತ್ತೇನೆ.

ಆ ಒಂದು ಪುಟದ ಅರ್ಜಿಯನ್ನು ನಾನು ನಾಲ್ಕು ದಿನ ಬರೆದೆ. ಬೆಳಿಗ್ಗೆ ಮೂರು ಸಾಲು, ಸಂಜೆ ಮೂರು ಸಾಲು, ನಡುವೆ ಬಿಸಿನೀರಿನಲ್ಲಿ ಕೈ. ಸರ್ಕಾರಿ ಕಚೇರಿಗೆ ಹೋಗುವ ಕಾಗದ, ನೋಡಿದವರು ಏನಂದುಕೊಂಡಾರು ಎಂದು ಒಂದೊಂದು ಅಕ್ಷರವನ್ನೂ ಮುತ್ತು ಪೋಣಿಸಿದಂತೆ ಇಟ್ಟೆ. ಅದೇ ನನ್ನ ತಪ್ಪು. “ಅರ್ಜಿದಾರರ ಕೈಬರಹ ಅತ್ಯಂತ ಅಚ್ಚುಕಟ್ಟಾಗಿದೆ. ಅಗತ್ಯ ಕಂಡುಬರುವುದಿಲ್ಲ” ಎಂದು ಷರಾ ಬರೆದು ತಿರಸ್ಕರಿಸಿದಿರಿ. ಜೊತೆಗೆ ವೈದ್ಯರ ಪ್ರಮಾಣಪತ್ರವೂ ಇತ್ತಲ್ಲ? ಅದನ್ನು ನಿಮ್ಮಿಂದ ಓದಲಾಗಲಿಲ್ಲವೆಂದು ಕಾಣುತ್ತದೆ. ನಿಮ್ಮ ಲೆಕ್ಕದಲ್ಲಿ ಕಂಪ್ಯೂಟರ್ ಆ ವೈದ್ಯರಿಗೇ ಸಿಗಬೇಕಿತ್ತು.

ಇನ್ನು ನನ್ನ ತಂಗಿ. ನನಗಿಂತ ಒಂದು ವರ್ಷ ಚಿಕ್ಕವಳು, ಕೈಯಲ್ಲಿ ಯಾವ ದೋಷವೂ ಇಲ್ಲ. ಊಟದ ಬಿಡುವಿನಲ್ಲಿ, ಗೆಳತಿಯ ಬೆನ್ನ ಮೇಲೆ ಕಾಗದವಿಟ್ಟುಕೊಂಡು, ಹತ್ತೇ ನಿಮಿಷದಲ್ಲಿ ಅರ್ಜಿ ಗೀಚಿದಳು. ಕಾಗೆ ಕಾಲು, ಗುಬ್ಬಿ ಕಾಲು. ನಿಮ್ಮ ಷರಾ: “ಅಗತ್ಯ ಸ್ಪಷ್ಟವಾಗಿದೆ.” ಅಧ್ಯಕ್ಷರೇ, ಆ ಪುಟದಲ್ಲಿ ಬೇರೆ ಏನಾದರೂ ಸ್ಪಷ್ಟವಾಗಿತ್ತೇ?

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಮೂರು ಮಾದರಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಅವಳನ್ನು ಕಚೇರಿಗೆ ಕರೆದಿರಿ. ಸುತ್ತೋಲೆಯಲ್ಲೇ ಹೆಸರಿದ್ದ ಆ ಮೂರರ ಬಗ್ಗೆ ಎರಡು ತಿಂಗಳು ತಲೆ ಕೆಡಿಸಿಕೊಂಡವಳು ನಾನು. ಯಾವುದರ ಚಾರ್ಜ್ ಇಡೀ ದಿನದ ತರಗತಿಗಳಿಗೆ ಬರುತ್ತದೆ, ಯಾವುದು ಚೀಲದಲ್ಲಿ ಹಗುರ, ಎಲ್ಲ ವಿಚಾರಿಸಿದ್ದೆ. ಕಂಪ್ಯೂಟರ್ ರಿಪೇರಿ ಅಂಗಡಿಯವರು ಮೂರನ್ನೂ ಬಿಚ್ಚಿ ನೋಡಿದವರು. “ಕೈ ನೋವಿರೋರಿಗೆ ಕೀ ಮೆತ್ತಗಿರ್ಬೇಕಮ್ಮ. ಇದೊಂದೇ ನೋಡು, ಮಿಕ್ಕಿದ್ದೆಲ್ಲ ಬರೀ ಶೋಕಿ,” ಎಂದಿದ್ದರು. ಕೀಲಿಗಳು ಮೆತ್ತಗಿದ್ದದ್ದು ಎರಡನೆಯ ಮಾದರಿಯಲ್ಲಿ ಮಾತ್ರ. ತಂಗಿ ಅದನ್ನೇ ಹೊತ್ತು ತಂದಳು! ಯಾಕೆ ಇದನ್ನೇ ಆರಿಸಿದೆ ಎಂದು ಕೇಳಿದರೆ, “ಮುಚ್ಚಳದ ಬಣ್ಣ ನೋಡೇ ಅಕ್ಕ, ಎಷ್ಟು ಚೆನ್ನಾಗಿದೆ!” ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ನಮ್ಮ ಊಟದ ಮೇಜಿನ ಅರ್ಧ ಅವಳದು. ನಾನು ಗೋಡೆಯ ಕಡೆ ಕುಳಿತು, ಗೆಳತಿಯರ ನೋಟ್ಸ್ ಬೇಡಿ ತಂದು ಓದುತ್ತೇನೆ. ಎದುರಿಗೆ ಅವಳು ಟಕಟಕ ಎಂದು ಟೈಪ್ ಮಾಡುತ್ತಾಳೆ, ತಪ್ಪಾದರೆ ಅಳಿಸುತ್ತಾಳೆ, ಶೀರ್ಷಿಕೆಗೆ ಬಣ್ಣ ಬೇರೆ ಹಚ್ಚುತ್ತಾಳೆ. ಅವಳ ಒಂದು ಪಾಠವೂ ಅರ್ಧಕ್ಕೆ ನಿಂತಿಲ್ಲ. “ಬೇಕಾದ್ರೆ ಸಂಜೆ ಹೊತ್ತು ನೀನು ತಗೋ ಅಕ್ಕ,” ಎಂದು ದೊಡ್ಡ ಮನಸ್ಸು ಬೇರೆ ಮಾಡುತ್ತಾಳೆ. ಆ ‘ಬೇಕಾದ್ರೆ’ ಕೇಳಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಪಾಠ ನಡೆಯುವುದು ಹಗಲಿನಲ್ಲಿ. ಆಗ ಅದು ಅವಳ ತರಗತಿಯಲ್ಲಿರುತ್ತದೆ. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸದೆಯೇ, “ಹೊರಗಿನವರಿಗೆ ಸಿಕ್ತಾ? ನಿನ್ನ ತಂಗಿಗೇ ತಾನೆ ಸಿಕ್ಕಿದ್ದು,” ಅನ್ನುತ್ತಾಳೆ. ಹೊರಗಿನವರಿಗೆ ಸಿಕ್ಕಿದ್ದರೆ ನನಗೆ ಇಷ್ಟು ಉರಿಯುತ್ತಲೇ ಇರಲಿಲ್ಲ.

ಈ ಪತ್ರವನ್ನು ಆ ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತಿದ್ದೇನೆ. ಐವತ್ತು ನಿಮಿಷವಾಯಿತು. ಬೆರಳು ಒಮ್ಮೆಯೂ ಸೆಟೆದುಕೊಂಡಿಲ್ಲ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನಿಮಗೆ ಇನ್ಯಾವುದು ಬೇಕು?

ಒಂದು ವಿಷಯ ಮುಚ್ಚಿಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಅರ್ಜಿ ಬರೆಯುವ ದಿನಗಳಲ್ಲಿ ತಂಗಿ ನನ್ನ ಹಿಂದೆ ಬಿದ್ದಿದ್ದಳು. “ಅಕ್ಕಾ, ನಂದೂ ನೀನೇ ಬರ್ಕೊಡೇ, ನನ್ನ ಅಕ್ಷರ ನೋಡಿದ್ರೆ ಯಾರೂ ಕೊಡಲ್ಲ,” ಎಂದು ಗೋಗರೆದಳು. ಕೈ ನೋವು ಅಂದೆ. ನೋವು ನಿಜ. ಆದರೆ ಕಾರಣ ಅದಲ್ಲ. ಅವಳ ಗೀಚು ನಿಮ್ಮ ಮೇಜಿನ ಮೇಲೆ ನನ್ನ ಅರ್ಜಿಯ ಪಕ್ಕದಲ್ಲೇ ಬೀಳಲಿ, ಇಬ್ಬರಲ್ಲಿ ಒಬ್ಬಳಿಗೇ ಸಿಗುವುದಾದರೆ ಅದು ನನಗೇ ಸಿಗಲಿ ಎಂದುಕೊಂಡಿದ್ದೆ. ಈ ಸಾಲು ಟೈಪ್ ಮಾಡುವಾಗ ತಂಗಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಾಳೆ. ಓದಿದಳು. ಆಮೇಲೆ, “ನೀನು ಬರ್ಕೊಟ್ಟಿದ್ರೆ ನಂಗೂ ಸಿಗ್ತಿರ್ಲಿಲ್ಲ ಬಿಡು,” ಅಂದಳು. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ನೋಡಿಕೊಂಡರೆ, ಹೊಟ್ಟೆಕಿಚ್ಚು ಅಲ್ಲೇ ಇತ್ತು.

ಅವಳಿಂದ ಕಿತ್ತುಕೊಂಡು ನನಗೆ ಕೊಡಿ ಎಂದು ಕೇಳುತ್ತಿಲ್ಲ. ಕೇಳಬೇಕೆಂದು ಮನಸ್ಸಾಗಿತ್ತು, ಸುಳ್ಳೇಕೆ ಹೇಳಲಿ? ನನ್ನ ಬೇಡಿಕೆ ಬೇರೆ. ನನ್ನನ್ನು ನಿಮ್ಮ ಕಚೇರಿಗೆ ಕರೆಸಿ. ಒಂದು ಕುರ್ಚಿ, ಒಂದು ಪೆನ್ನು ಕೊಡಿ. ನಿಮ್ಮ ಗುಮಾಸ್ತರು ಒಂದು ಪೂರ್ತಿ ಪಾಠವನ್ನು ಮೇಷ್ಟ್ರ ವೇಗದಲ್ಲಿ ಓದಲಿ, ನಾನು ಬರೆಯುತ್ತೇನೆ. ಮೊದಲ ಸಾಲಿನ ಅಂದ ನೋಡಿ ಎದ್ದು ಹೋಗಬೇಡಿ, ಕೊನೆಯವರೆಗೂ ಕುಳಿತು ನನ್ನ ಕೈ ನೋಡಿ. ಆಮೇಲೆ ಅರ್ಧವಾರ್ಷಿಕ ಪರೀಕ್ಷೆಗೆ ಮೊದಲು ನನ್ನ ಅರ್ಜಿಯ ಮೇಲೆ ಹೊಸ ಷರಾ ಬರೆಯಿರಿ.

ಇನ್ನೂ ಬಹಳ ಹೇಳುವುದಿತ್ತು. ಆದರೆ ತಂಗಿಗೆ ನಾಳೆ ಕಿರುಪರೀಕ್ಷೆಯಂತೆ, ಕಂಪ್ಯೂಟರ್ ಬೇಕಂತೆ. ಅವಳದಲ್ಲವೇ, ಕೊಡಲೇಬೇಕು.

ಇಂತಿ,
ಕಂಪ್ಯೂಟರ್ ಇರುವವಳ ಅಕ್ಕ